ಆಟದಲ್ಲಿ ಬಂದ ನೀರು

“ನೀರು ಬಂತು, ಏರ್ರಿ!” ಎಂದು ನಾನು ಕೂಗಿದ್ದೇ ತಡ, ಮಕ್ಕಳೆಲ್ಲ ಕಿರುಚುತ್ತ ದಿಂಬುಗಳ ಮೇಲೆ ಹಾರಿದರು. ಮಗಳ ಹುಟ್ಟುಹಬ್ಬಕ್ಕೆ ನಡುಮನೆಯನ್ನೇ ಸಮುದ್ರ ಮಾಡಿದ್ದೆ. ಗೋಡೆಗೆ ನನ್ನ ನೀಲಿ ಇಳಕಲ್ ಸೀರೆ ಕಟ್ಟಿ, ಮೇಲಿಂದ ರಟ್ಟಿನ ಮೀನುಗಳನ್ನು ತೂಗುಬಿಟ್ಟಿದ್ದೆ. ದಿಂಬುಗಳೇ ದೋಣಿ.

ಮೂಲೆಯ ಕುರ್ಚಿಯಲ್ಲಿದ್ದ ಅತ್ತೆ ದಡಕ್ಕನೆ ಎದ್ದರು. ಈಚೆಗೆ ಅವರಿಗೆ ಮರೆವು ಹೆಚ್ಚು. ನೆಟ್ಟಗೆ ದೇವರ ಜಗುಲಿಗೆ ಹೋಗಿ ಮೂರ್ತಿಗಳನ್ನು ಒಂದೊಂದಾಗಿ ಸೆರಗಿಗೆ ಹಾಕಿಕೊಳ್ಳತೊಡಗಿದರು. ಇದೂ ಆಟವೆಂದುಕೊಂಡ ಮಗಳು ಪೂಜೆಯ ಗಂಟೆ ಎತ್ತಿಕೊಂಡು ಅವರ ಹಿಂದೆ ಓಡಿದಳು.

“ಅತ್ತೀ, ಏನ್ ಮಾಡಾಕತ್ತೀರಿ?” ಎಂದೆ.

“ಮೊದಲ ದೇವರನ್ನ ಹೊರಗ ಒಯ್ಯಬೇಕವಾ. ಭಾಂಡಿ ಪಾತ್ರಿ ಆಮ್ಯಾಲೆ,” ಎಂದು ನನ್ನನ್ನೇ ಗದರಿದರು.

ಮಕ್ಕಳು ನಕ್ಕರು. ನಾನು ಸೊಸೆಯಾಗಿ ಬಂದದ್ದೇ ನವನಗರದ ಈ ಮನೆಗೆ. ಹಳೇ ಬಾಗಲಕೋಟೆಯಲ್ಲಿದ್ದ ಅತ್ತೆಯ ಮನೆ ಅದಕ್ಕೂ ಮೊದಲೇ ಆಣೆಕಟ್ಟಿನ ಹಿನ್ನೀರಿನಲ್ಲಿ ಮುಳುಗಡೆಯಾಗಿತ್ತು. ಅದರ ಬಾಗಿಲು ಯಾವ ದಿಕ್ಕಿಗಿತ್ತು ಎಂಬುದೂ ನನಗೆ ಗೊತ್ತಿಲ್ಲ. ಕೇಕ್ ಕತ್ತರಿಸುವಾಗಲೂ ಅವರು ಸೆರಗಿನ ಗಂಟು ಬಿಡದೆ ಹೊಸ್ತಿಲಲ್ಲೇ ನಿಂತಿದ್ದರು.

ಮೀನುಗಳನ್ನು ಅಂದೇ ಕಿತ್ತು ಹಾಕಿದೆ. ದೇವರ ಗಂಟು ಮಾತ್ರ ಇವತ್ತಿಗೂ ಅತ್ತೆಯ ತಲೆದಿಂಬಿನ ಪಕ್ಕದಲ್ಲಿದೆ, ಜಗುಲಿ ಬರಿದಾಗಿದೆ. ದಿನಾ ಬೆಳಿಗ್ಗೆ “ನೀರು ಇಳೀತೇನವಾ?” ಎಂದು ಕೇಳುತ್ತಾರೆ. ಇಳಿಯಿತು ಎಂದರೆ ಹಳೇ ಮನೆಗೆ ಹೊರಟು ನಿಲ್ಲುತ್ತಾರೆ. ಇನ್ನೂ ಇಳಿದಿಲ್ಲ ಎನ್ನುತ್ತೇನೆ. ಅದು ಸುಳ್ಳೂ ಅಲ್ಲ.