ಶಾಂತತ್ತೆಯ ದನಿ ರೇಡಿಯೋದಲ್ಲಿ ಬಂದ ಸಂಜೆ

ಇವತ್ತು ಸಿಂಧನೂರಿನ ಅಂಗಡಿಯೊಂದರಲ್ಲಿ ಕೋರಾ ಬಟ್ಟೆಯ ಥಾನು ಬಿಚ್ಚಿದರು. ಗಂಜಿಯ ಆ ವಾಸನೆಗೆ ನಾನು ನೆನಪಿನಲ್ಲೇ ಮಸ್ಕಿಯ ವೀರಣ್ಣನ ಬಟ್ಟೆ ಅಂಗಡಿಗೆ ಹೋಗಿಬಿಟ್ಟೆ. ನಾನು ಚಿಕ್ಕವಳಿದ್ದಾಗ ನಮ್ಮ ಓಣಿಯಲ್ಲಿ ಬ್ಯಾಟರಿ ರೇಡಿಯೋ ಇದ್ದದ್ದು ಅಲ್ಲಿ ಮಾತ್ರ.

ಅಜ್ಜನ ಮಗಳು, ನನ್ನ ಶಾಂತತ್ತೆ, ಗಂಡನೊಡನೆ ಹೈದರಾಬಾದಿನಲ್ಲಿದ್ದಳು. ಇಬ್ಬರೂ ಅಲ್ಲಿನ ರೇಡಿಯೋದ ಕನ್ನಡ ಕಾರ್ಯಕ್ರಮದಲ್ಲಿ ತಮ್ಮ ಮನೆಯ ಮಾತುಗಳನ್ನೇ ಆಡಿ ನಗಿಸುತ್ತಾರೆಂದು ಕಾಗದ ಬಂದಿತ್ತು. ಅವರ ಕಾರ್ಯಕ್ರಮವಿದ್ದ ಸಂಜೆ ಅಜ್ಜ ರುಮಾಲು ಸುತ್ತಿಕೊಂಡು, ನನ್ನ ಕೈ ಹಿಡಿದು ಬಂದು, ಎಲ್ಲರಿಗಿಂತ ಮುಂದೆ ಗಾದಿಯ ಮೇಲೆ ಕುಳಿತ.

ಮೊದಲು ಮಾವ ತನ್ನ ಗೊರಕೆಯ ಸುದ್ದಿ ಹೇಳಿ ನಗಿಸಿದ. ಆಮೇಲೆ ಅತ್ತೆಯ ದನಿ ಬಂತು.

“ಸಣ್ಣಾಕಿದ್ದಾಗ ನಾ ಜೋರ ನಕ್ಕರ ನಮ್ಮಪ್ಪ ಬೈತಿದ್ದ. ಹೆಣ್ಣುಮಕ್ಕಳ ದನಿ ಹೊಸ್ತಿಲ ದಾಟಬಾರ್ದು ಅಂತಿದ್ದ. ಅಪ್ಪಾ, ಈಗ ಇದು ಹೈದರಾಬಾದಿನಿಂದ ಮಸ್ಕಿ ತನಕ ಬಂದೈತಿ. ಎಷ್ಟು ಹೊಸ್ತಿಲ ದಾಟೇತಿ, ನೀನ ಎಣಿಸು.”

ಅಂಗಡಿ ತುಂಬ ನಗು ಎದ್ದಿತು. ಅಜ್ಜ ಅಲ್ಲೇ ಕುಳಿತದ್ದು ನೆನಪಾಗಿ ನಕ್ಕವರೆಲ್ಲ ಅವನ ಕಡೆ ತಿರುಗಿದರು.

ವೀರಣ್ಣ ಮೆಲ್ಲಗೆ, “ಬಂದ್ ಮಾಡ್ಲೇನ್ರೀ ಗೌಡ್ರ?” ಎಂದು ಕೇಳಿದ.

ಅಜ್ಜ ರುಮಾಲಿನ ತುದಿಯಿಂದ ಕಣ್ಣೊರೆಸಿಕೊಂಡ. “ಯಾಕ ಬಂದ್ ಮಾಡ್ತಿ? ನಾ ಹಂಗ ಅಂದಿದ್ದು ಖರೆ. ಆಕಿ ನನ್ನ ಮಗಳು. ಇನ್ನೂ ಜೋರ ಮಾಡು, ಬಜಾರದಾಗ ಹೋಗೋರಿಗೂ ಕೇಳ್ಲಿ,” ಎಂದ.

ನನಗೀಗ ಎಂಬತ್ತರ ಹತ್ತಿರ. ಇಂದಿಗೂ ನಗುವಾಗ ನಾನು ಬಾಯಿಗೆ ಸೆರಗು ಅಡ್ಡ ಹಿಡಿಯುವುದಿಲ್ಲ.