ಮುಂದಿನ ಗಾಲಿಯ ಭಾರ

ಆ ದಿನ ನಮ್ಮನ್ನು ಬಾಗಲವಾಡದ ಹಳ್ಳ ದಾಟಿಸಿದ್ದು ದೇವರಲ್ಲ. ಎರಡು ಹೊಸ ಟೈರು, ಕಾರು ನಡೆಸಿದ ಡಾಕ್ಟರಮ್ಮ, ಆಮೇಲೆ ನನ್ನ ತಂಗಿಯ ಅತ್ತೆ ಸಿದ್ದವ್ವನ ಮೈಭಾರ. ಇಷ್ಟೇ. ನಮ್ಮ ಮನೆಯಲ್ಲಿ ಈ ಮಾತು ಯಾರಿಗೂ ರುಚಿಸುವುದಿಲ್ಲ. ಅವರು ಬೇರೆ ಕತೆ ಹೇಳುತ್ತಾರೆ. ಹೇಳಲಿ. ಆ ಕಾರಿನೊಳಗೆ ನಾನು ಕಣ್ಣು ತೆರೆದು ಕೂತಿದ್ದೆ.

ಈ ಮಾತು ಯಾಕೆ ಬಂತೆಂದರೆ, ನಿನ್ನೆ ತಂಗಿಯ ಮಗಳು ರೇಣುಕಾ ನನ್ನನ್ನು ರಾಯಚೂರಿನ ಒಂದು ಟೈರಿನ ಅಂಗಡಿಗೆ ಕರೆದುಕೊಂಡು ಹೋಗಿದ್ದಳು. ಆಕೆ ಯರಗೇರಾದಲ್ಲಿ ದೊಡ್ಡ ಹುಡುಗರಿಗೆ ಪಾಠ ಹೇಳುತ್ತಾಳೆ, ದಿನಾ ಕಾರಿನಲ್ಲಿ ಹೋಗಿ ಬರುತ್ತಾಳೆ. ಆಕೆಯ ಹೊಸ ಕಾರಿಗೆ ಸೊಕ್ಕು ಬಹಳ. ಸ್ವಲ್ಪ ಕಾಲು ಒತ್ತಿದರೆ ಸಾಕು, ಮುಂದಿನ ಎರಡು ಗಾಲಿ ನಿಂತಲ್ಲೇ ಗರಗರ ತಿರುಗಿ ಧೂಳು ಎಬ್ಬಿಸುತ್ತವೆ, ಆಮೇಲೆ ಕಾರು ಹೊರಡುತ್ತದೆ. ಮಳೆ ಬಂದಾಗ ಇನ್ನೂ ಕಷ್ಟ. ನಾನು ಯಾವಾಗಲೂ ಹಿಂದೆ ಕೂಡುತ್ತೇನೆ. ಕಾಲು ಚಾಚಲು ಅನುಕೂಲ ಅಂತ ಎಲ್ಲರಿಗೂ ಹೇಳುತ್ತೇನೆ. ಅದು ಸುಳ್ಳು. ಕಾರಿನ ಮುಂದಿನ ಸೀಟು ದೊಡ್ಡ ಜನರದು, ನಮ್ಮಂಥವರದಲ್ಲ ಅಂತ ಚಿಕ್ಕಂದಿನಲ್ಲಿ ತಲೆಗೆ ಹೊಕ್ಕದ್ದು ಇನ್ನೂ ಹೊರಗೆ ಬಂದಿಲ್ಲ.

ಅಂಗಡಿಯವನು ಪ್ಲಾಸ್ಟಿಕ್ ಕುರ್ಚಿ ಹಾಕಿಕೊಟ್ಟ. ಎದುರಿಗೆ ಹೊಸ ಟೈರುಗಳ ಸಾಲು. ಹೊಸ ಟೈರಿನ ವಾಸನೆ ನಿಮಗೆ ಗೊತ್ತಲ್ಲ, ಸುಟ್ಟದ್ದೂ ಅಲ್ಲ, ಔಷಧದ್ದೂ ಅಲ್ಲ, ಮೂಗಿನಲ್ಲಿ ಕೂತರೆ ಏಳುವುದಿಲ್ಲ. ಅವನು ಎರಡು ಬಗೆಯ ಟೈರು ಉರುಳಿಸಿ ತಂದು ನಿಲ್ಲಿಸಿದ. ಒಂದು ಬಹಳ ದಿನ ಬಾಳುತ್ತದಂತೆ. ಇನ್ನೊಂದು ರಸ್ತೆ ಬಿಗಿಯಾಗಿ ಹಿಡಿಯುತ್ತದಂತೆ, ಆದರೆ ಬೇಗ ಸವೆಯುತ್ತದಂತೆ. ರೇಣುಕಾ ಎರಡನ್ನೂ ನೋಡುತ್ತಾ ನಿಂತಳು. ನಾನು ವಾಸನೆಯ ಹಿಂದೆ ಹೋದೆ.

ಆಗ ನಾನು ರಾಯಚೂರಿನಲ್ಲಿ ಒಬ್ಬ ಡಾಕ್ಟರಮ್ಮನ ದವಾಖಾನೆಯಲ್ಲಿ ಆಯಾ ಆಗಿದ್ದೆ. ಓದಿದ್ದು ನಾಲ್ಕನೇ ಕ್ಲಾಸು, ಆದರೆ ಕೂಸು ಹಿಡಿಯಲು, ಬಟ್ಟೆ ಕುದಿಸಲು, ಗಂಡಸರನ್ನು ಬಾಗಿಲ ಹೊರಗೆ ಅಟ್ಟಲು ಅಷ್ಟು ಸಾಕಿತ್ತು. ಡಾಕ್ಟರಮ್ಮ ಸಿಹಿ ಮಾತಿನವಳಲ್ಲ. ನೋವು ಅಂತ ಕೂಗುವವಳಿಗೆ, ‘ಕೂಗು, ಆದ್ರ ಕೂಗೋದ್ರಾಗ ಜೋರು ಕಳ್ಕೋಬ್ಯಾಡ’ ಅನ್ನುವಳು. ನನ್ನ ಮೇಲೆ ದಿನಕ್ಕೊಮ್ಮೆ ಸಿಟ್ಟು ಆಗದಿದ್ದರೆ ಆಕೆಗೆ ಊಟ ಸೇರುತ್ತಿರಲಿಲ್ಲ. ಒಂದು ಮಾತ್ರ ಇತ್ತು, ಬರುತ್ತೇನೆ ಅಂದರೆ ಬರುವಳು. ವಾರಕ್ಕೊಮ್ಮೆ ಮಾನ್ವಿ, ವಾರಕ್ಕೊಮ್ಮೆ ದೇವದುರ್ಗ. ಆಕೆಗಿಂತ ಮೊದಲು ಅಲ್ಲಿಗೆ ಹೋಗುತ್ತಿದ್ದವರೆಲ್ಲ ಮಳೆಗಾಲ ಬಂತೆಂದರೆ ನಿಂತುಬಿಡುತ್ತಿದ್ದರು. ಆಕೆ ನಿಲ್ಲಲಿಲ್ಲ.

ಎಪ್ಪತ್ತರ ಕಾಲದಲ್ಲಿ ಆಕೆಯದು ಒಂದು ಹಳೆಯ ಅಂಬಾಸಿಡರ್ ಇತ್ತು, ಎಮ್ಮೆಯ ಹಾಗೆ. ಹಿಂದಿನ ಗಾಲಿ ನೂಕುತ್ತಿದ್ದವು, ಮುಂದಿನವು ದಾರಿ ತೋರಿಸುತ್ತಿದ್ದವು. ಅದು ಮುದಿಯಾದ ಮೇಲೆ, ಆಗ ಹೊಸದಾಗಿ ಬಂದ ಸಣ್ಣ ಕಾರು ತಂದಳು. ಡಬ್ಬಿಯ ಹಾಗೆ ಹಗುರ, ಆದರೆ ಓಟ ಮಾತ್ರ ಎಳೆ ಹೋರಿಯದು. ಇಂಜಿನ್ನೂ ಮುಂದೆ, ಎಳೆಯುವುದೂ ಮುಂದಿನ ಗಾಲಿಯೇ.

ಆ ಕಾರು ಬಂದ ವರ್ಷದ ಮಳೆಗಾಲದಲ್ಲೇ ನನ್ನ ತಂಗಿ ಹನುಮವ್ವ ಬಸುರಿ. ಬಾಗಲವಾಡಕ್ಕೆ ಕೊಟ್ಟಿದ್ದೆವು. ಕೂಲಿ ಮಾಡಿ ಉಣ್ಣುವ ಮನೆ, ಆದರೆ ಜನ ಒಳ್ಳೆಯವರು. ಅದಕ್ಕೆ ಮುಂಚೆ ಎರಡು ಕೂಸು ಹುಟ್ಟಿ ಹೋಗಿದ್ದವು, ಎರಡೂ ಅದೇ ಮನೆಯ ಅದೇ ಮೂಲೆಯಲ್ಲಿ. ಮಾನ್ವಿಯಲ್ಲಿ ಡಾಕ್ಟರಮ್ಮ ಆಕೆಯನ್ನು ನೋಡಿದಳು. ಕಾಲು ಬಾತಿದ್ದವು, ಮುಖವೂ ಬಾತಿತ್ತು. ‘ಈಕಿ ಹಡಿಯೋದು ರಾಯಚೂರಿನಾಗ, ನನ್ನ ಕಣ್ಣ ಮುಂದ. ಇಲ್ಲಾಂದ್ರ ಈ ಸಲ ಕೂಸಷ್ಟ ಅಲ್ಲ, ಈಕೀನೂ ಉಳಿಯಂಗಿಲ್ಲ’ ಅಂತ ನನಗೆ ನೇರ ಹೇಳಿದಳು. ಬೇರೆಯವರಾದರೆ ಸುತ್ತು ಬಳಸಿ ಹೇಳುತ್ತಿದ್ದರು. ಆಕೆ ನೇರ ಹೇಳಿದ್ದು ನನಗೆ ಒಳ್ಳೆಯದೇ ಅನ್ನಿಸಿತು.

ನಾನು ಬಾಗಲವಾಡಕ್ಕೆ ಹೋಗಿ ಸಿದ್ದವ್ವನ ಮುಂದೆ ಇದನ್ನೇ ಹೇಳಿದೆ. ಸಿದ್ದವ್ವ ಒನಕೆ ಕೆಳಗಿಟ್ಟಳು. ಆಕೆಯ ಮೈ ಎಂಥದೆಂದರೆ, ಬಂಡಿ ಹತ್ತಿದರೆ ಎತ್ತು ತಿರುಗಿ ನೋಡುತ್ತಿದ್ದವು.

‘ಹೆರಿಗಿ ಮನಿ ಬಿಟ್ಟು ಹೊರಗ ಮಾಡಿಲ್ಲ ನಾವು’ ಅಂದಳು.

‘ಮನ್ಯಾಗ ಮಾಡಿ ಏನು ಉಳಿಸ್ಕೊಂಡಿ ಯವ್ವಾ?’ ಅಂದೆ.

ಆಕೆ ಸೆರಗಿನಿಂದ ಕೈ ಒರೆಸಿಕೊಂಡಳು. ಆಮೇಲೆ, ‘ನಿಮ್ಮ ಡಾಕ್ಟರಮ್ಮ ತಾನಾ ಬರ್ಲಿ. ಈ ಮಳ್ಯಾಗ, ಈ ಹಳ್ಳ ದಾಟಿ, ನಮ್ಮ ಮನಿ ಬಾಗಲಾಕ ಬಂದ್ರ ಸೊಸೀನ್ನ ಕಳಸ್ತೀನಿ. ಬರ್ಲಿಲ್ಲಾಂದ್ರ ಮತ್ತೊಂದು ಮಾತಿಲ್ಲ’ ಅಂದಳು. ಬರುವುದಿಲ್ಲ ಅಂತ ಗೊತ್ತಿದ್ದೇ ಅಂದದ್ದು.

ನಾನು ಬಂದು ಇದನ್ನು ಹೇಳಿದಾಗ ಡಾಕ್ಟರಮ್ಮ ಕೈ ತೊಳೆಯುತ್ತಿದ್ದಳು. ‘ಬಂದ್ರ ಕಳಸ್ತಾಳಂತೇನು? ನಡಿ ಹಂಗಾರ’ ಅಂದಳು. ಬಾಗಲವಾಡಕ್ಕೆ ಹೊರಟಳು ಅಂದುಕೊಂಡೆ. ಹೋದದ್ದು ಖಾದರಸಾಬನ ಟೈರಿನ ಅಂಗಡಿಗೆ.

ಆ ಕಡೆಯ ಎರೆ ಮಣ್ಣನ್ನು ಕಂಡವರಿಗೆ ಇದು ಅರ್ಥವಾಗುತ್ತದೆ. ಒಣಗಿದಾಗ ಕಬ್ಬಿಣ, ನೆನೆದಾಗ ಬೆಣ್ಣೆ. ಕಾಲಿಗೆ ಮೆತ್ತಿದರೆ ಹೆಜ್ಜೆ ಹೆಜ್ಜೆಗೂ ಪಾದ ದಪ್ಪವಾಗುತ್ತಾ ಹೋಗುತ್ತದೆ. ಗಾಲಿಗೂ ಹಾಗೇ. ಟೈರಿನ ಗೆರೆಯೊಳಗೆ ತುಂಬಿತೆಂದರೆ ಟೈರು ಕುದಿಸಿದ ತತ್ತಿಯಷ್ಟು ನುಣುಪು.

ಖಾದರಸಾಬ ತನ್ನ ಅಂಗಡಿಯ ಒಳ್ಳೆಯ ಮಾಲು ಅಂತ ಒಂದು ಟೈರು ತೋರಿಸಿದ. ‘ಇದು ಪತ್ಥರ್ ಅದರೀ ಅಮ್ಮಾರ, ಕಲ್ಲು ಅಂದ್ರ ಕಲ್ಲು. ನೀವು ಕಾರು ಮಾರಿದ್ರೂ ಇದು ಸವಿಯಂಗಿಲ್ಲ.’

ಆಕೆ ಬಗ್ಗಿ ಹೆಬ್ಬೆರಳಿನ ಉಗುರು ಒತ್ತಿ ನೋಡಿದಳು. ಗುರುತು ಬೀಳಲಿಲ್ಲ. ‘ನನಗ ಪತ್ಥರ್ ಬ್ಯಾಡ’ ಅಂದಳು. ಒಂದೊಂದಾಗಿ ಎಲ್ಲ ಒತ್ತುತ್ತಾ ಹೋದಳು, ಬಸುರಿಯರ ಕಾಲು ಒತ್ತಿ ಬಾವು ನೋಡಿದ ಹಾಗೇ. ಕೊನೆಗೆ ಮೂಲೆಯಲ್ಲಿದ್ದ ಒಂದು ಜೋಡಿಯ ಹತ್ತಿರ ನಿಂತಳು. ಗೆರೆ ಆಳ, ಗೆರೆಗೂ ಗೆರೆಗೂ ನಡುವೆ ಬೆರಳು ಹೋಗುವಷ್ಟು ಜಾಗ, ಉಗುರು ಒತ್ತಿದರೆ ಒಳಗೆ ಹೋಯಿತು.

‘ಅದು ಮೆತ್ತಗ ಅದರೀ, ಜಲ್ದಿ ಸವೀತದ. ಆಮ್ಯಾಲ ನನ್ನ ಬೈಬ್ಯಾಡ್ರಿ’ ಅಂದ ಖಾದರಸಾಬ.

‘ಸವೀಲಿ. ಮಣ್ಣು ಹಿಡೀತದೋ ಇಲ್ಲೋ?’

‘ಹಿಡೀತದ. ತುಂಬಿದ್ದ ಕೆಸರೂ ಉದುರಸ್ತದ. ಆದ್ರ ಎರಡಾ ಅದಾವ. ಎರಡಾ ಅಂದಮ್ಯಾಲ ಹಿಂದ ಹಾಕಸ್ರಿ.’

‘ಯಾಕ ಹಿಂದ?’

‘ನಮ್ಮಪ್ಪನ ಕಾಲದಿಂದ ಹೊಸಾವು ಹಿಂದಾ ಹಾಕೋದರೀ.’

‘ನಿಮ್ಮಪ್ಪನ ಕಾಲದಾಗ ಗಾಡಿ ಹಿಂದಿಂದ ನೂಕತಿದ್ವು. ಇದು ಮುಂದಿಂದ ಎಳೀತದ. ಮುಂದ ಹಾಕು.’

ಖಾದರಸಾಬ ನನ್ನ ಕಡೆ ನೋಡಿದ. ಆಕೆಗೆ ಹೇಳವ್ವಾ ಅನ್ನುವ ನೋಟ. ನಾನು ಏನು ಹೇಳಲಿ? ನನಗೂ ಹೊಟ್ಟೆ ಉರಿಯುತ್ತಿತ್ತು. ಬೇಗ ಸವೆಯುವುದನ್ನು ತಿಳಿದೂ ತಿಳಿದೂ ಕೊಳ್ಳುತ್ತಾರೇನು? ಅರಿವೆ ಕೊಂಡರೆ ಹರಿಯಬಾರದು, ಪಾತ್ರೆ ಕೊಂಡರೆ ನೆಗ್ಗಬಾರದು, ನನ್ನ ವ್ಯಾಪಾರ ಅಂಥದು. ನನ್ನ ಕಾಲಿನ ಚಪ್ಪಲಿ ಲಾರಿಯ ಟೈರು ಕೊಯ್ದು ಮಾಡಿದ್ದು. ಅದು ಸವೆಯುವುದು ದೂರ, ನನ್ನ ಹಿಮ್ಮಡಿಯನ್ನೇ ಸವೆಸುತ್ತಿತ್ತು. ಅದನ್ನು ಹಾಕಿಕೊಂಡು ದವಾಖಾನೆಯ ಒದ್ದೆ ನೆಲದಲ್ಲಿ ಎಷ್ಟು ಸಲ ಜಾರಿ ಬಿದ್ದಿದ್ದೆನೋ. ಬಿದ್ದಾಗಲೆಲ್ಲ ನೆಲವನ್ನು ಬೈಯುತ್ತಿದ್ದೆ, ಚಪ್ಪಲಿಯನ್ನಲ್ಲ.

ಮರುದಿನ ಹೋದೆವು. ಹೋಗುವಾಗ ಹಳ್ಳದಲ್ಲಿ ನೀರು ಪಾದ ಮುಳುಗುವಷ್ಟಿತ್ತು, ಕಾರು ಸುಮ್ಮನೆ ಇಳಿದು ಹತ್ತಿತು. ಸಿದ್ದವ್ವನ ಮನೆ ಬಾಗಿಲಿಗೆ ನಿಂತಾಗ ಆಕೆ ಹೊರಗೆ ಬಂದು, ಕಾರು ನೋಡಿ, ಡಾಕ್ಟರಮ್ಮನನ್ನು ನೋಡಿ, ಒಳಗೆ ಹೋಗಿ ಸೊಸೆಯ ಗಂಟು ಕಟ್ಟಿದಳು. ತಾನೂ ಸೆರಗು ಸಿಗಿಸಿಕೊಂಡು ಹೊರಟಳು. ಮಾತಿಗೆ ತಪ್ಪುವವಳಲ್ಲ ಆಕೆಯೂ.

ತಿರುಗಿ ಬರುವಾಗ ಮಳೆ ಜೋರಾಯಿತು. ಹಿಂದಿನ ಸೀಟಿನಲ್ಲಿ ಹನುಮವ್ವನ ತಲೆ ನನ್ನ ತೊಡೆಯ ಮೇಲೆ, ಕಾಲು ಸಿದ್ದವ್ವನ ತೊಡೆಯ ಮೇಲೆ. ಮುಂದೆ ಡಾಕ್ಟರಮ್ಮನ ಬಾಜೂಕೆ ಆಕೆಯ ಔಷಧದ ಚೀಲ ಒಂದೇ, ರಾಣಿಯ ಹಾಗೆ. ಹಳ್ಳ ಇಳಿದೆವು, ನೀರು ದಾಟಿದೆವು. ಆಚೆಯ ಏರಿನಲ್ಲಿ ಗಾಲಿ ಗರಗರ ತಿರುಗಿ, ಕಾರು ಮೆಲ್ಲಗೆ ಹಿಂದಕ್ಕೆ ಜಾರಿ ಮತ್ತೆ ನೀರಿನ ಅಂಚಿಗೆ ಬಂತು. ಇನ್ನೊಮ್ಮೆ ಹತ್ತಿತು, ಇನ್ನೊಮ್ಮೆ ಜಾರಿತು. ನೀರು ಏರುವುದು ಕಣ್ಣಿಗೆ ಕಾಣುತ್ತಿತ್ತು. ಹನುಮವ್ವ, ‘ಅಕ್ಕಾ, ಕಣ್ಣು ಮಂಜಾಗಾಕತ್ತಾವ’ ಅಂದಳು.

ಹಾಳಾಗಿ ಹೋಗಲಿ ಈ ಟೈರು, ಅಂತ ಮನಸ್ಸಿನಲ್ಲಿ ಬೈದೆ. ಡಾಕ್ಟರಮ್ಮ ಚಪ್ಪಲಿ ಬಿಟ್ಟು ಕೆಸರಿಗೆ ಇಳಿದಳು. ಮುಂದಿನ ಗಾಲಿ ನೋಡಿದಳು, ಹಿಂದೆ ಹೋಗಿ ಭಾರಕ್ಕೆ ಕುಸಿದ ಹಿಂಭಾಗ ನೋಡಿದಳು. ಬಂದು ಬಾಗಿಲು ತೆಗೆದಳು.

‘ಮುಂದಿನ ಗಾಲಿ ನೆಲಾನ ಒತ್ತವಲ್ವು. ಭಾರ ಎಲ್ಲಾ ಹಿಂದ ಅದ. ಸಿದ್ದವ್ವ, ನೀ ಮುಂದ ಬಾ.’

ಸಿದ್ದವ್ವ ಅಲುಗಲಿಲ್ಲ. ‘ನಿಮ್ಮ ಬಾಜೂಕ ನಾ ಕೂಡೋದೇನ್ರೀ ಅಮ್ಮಾರ? ನಾವು ಅಂಥಾ ಜನ ಅಲ್ಲ. ಇಳದು ನಡಕೊಂತ ಬರ್ತೀನಿ.’

‘ನೀ ನಡದ್ರ ನನಗೇನು ಬಂತು? ನಿನ್ನ ಭಾರ ಬೇಕಾಗೇದ.’

‘ದಪ್ಪ ಅದೀನಿ ಅಂತೀರೇನು?’

‘ಹೌದು. ಇವತ್ತು ಚಲೋ ಆತು. ಬಾ.’

ನಾನು, ‘ನಾ ಇಳೀಲೇನ್ರೀ?’ ಅಂದೆ. ‘ನೀ ಇಳದ್ರ ಈಕಿ ತಲಿ ಯಾರು ಹಿಡೀತಾರ? ಸುಮ್ಮ ಕೂಡು’ ಅಂದಳು.

ಡಾಕ್ಟರಮ್ಮ ತಾನೇ ಚೀಲ ತೆಗೆದು ಹಿಂದೆ ಒಗೆದು, ಸಿದ್ದವ್ವನ ರಟ್ಟೆ ಹಿಡಿದು ಮುಂದೆ ಕೂಡಿಸಿದಳು. ಕೂತ ಕೂಡಲೆ ಕಾರಿನ ಮೂಗು ಕೆಳಗಾದದ್ದು ನನಗೆ ಹಿಂದಿನಿಂದ ಕಾಣಿಸಿತು. ಸಿದ್ದವ್ವ ಕಣ್ಣು ಮುಚ್ಚಿ, ಎರಡೂ ಕೈ ಜೋಡಿಸಿ, ‘ಯಲ್ಲವ್ವ ತಾಯಿ, ಯಲ್ಲವ್ವ ತಾಯಿ’ ಅಂತ ಶುರು ಮಾಡಿದಳು. ಡಾಕ್ಟರಮ್ಮ ಬಹಳ ಮೆಲ್ಲಗೆ ಕಾಲು ಒತ್ತಿದಳು, ನಿದ್ದೆ ಮಾಡುವ ಕೂಸಿನ ಬಾಜೂಕೆ ನಡೆದ ಹಾಗೆ. ಗಾಲಿ ಒಂದು ಸುತ್ತು ತಿರುಗಿ, ಎಮ್ಮೆ ಮೈ ಕೊಡವಿದ ಹಾಗೆ ಕೆಸರು ಕೊಡವಿಕೊಂಡವು. ಮುಂದಿನ ಗಾಜಿನ ತುಂಬ ಕರಿ ಮಣ್ಣು. ಆಮೇಲೆ ಕಚ್ಚಿದವು. ಆ ಕಚ್ಚುವುದು ನನ್ನ ಬೆನ್ನಿಗೆ ಗೊತ್ತಾಯಿತು. ಏರು ಮುಗಿಯುವವರೆಗೂ ಸಿದ್ದವ್ವನ ಯಲ್ಲವ್ವ ನಿಲ್ಲಲಿಲ್ಲ.

ಸಂಜೆಗೆ ಮುಂಚೆ ರಾಯಚೂರಿನಲ್ಲಿ ಕೂಸು ಹುಟ್ಟಿತು. ತಂಗಿಗೆ ಒಂದು ಸಲ ಫಿಟ್ಸ್ ಬಂತು, ಡಾಕ್ಟರಮ್ಮ ಪಕ್ಕದಲ್ಲೇ ಇದ್ದಳು, ಉಳಿಸಿದಳು. ಬಾಗಲವಾಡದ ಆ ಮೂಲೆಯಲ್ಲಿ ಬಂದಿದ್ದರೆ ಏನಾಗುತ್ತಿತ್ತು ಅಂತ ನಾನು ಯೋಚಿಸುವುದಿಲ್ಲ. ಯಲ್ಲವ್ವನೇ ದಾಟಿಸಿದಳು ಅಂತ ಸಿದ್ದವ್ವ ಕೂಸಿಗೆ ಆ ತಾಯಿಯದೇ ಇನ್ನೊಂದು ಹೆಸರು, ರೇಣುಕಾ ಅಂತ ಇಟ್ಟಳು. ಸಾಯುವವರೆಗೂ ಆಕೆ ಈ ಕತೆ ಹೇಳಿದಳು. ಆದರೆ ಕತೆಯಲ್ಲಿ ಒಂದು ಮಾತು ಮಾತ್ರ ಬಹಳ ಜೋರಾಗಿ ಬರುತ್ತಿತ್ತು: ‘ಡಾಕ್ಟರಮ್ಮ ರಟ್ಟಿ ಹಿಡದು ನನ್ನ ಮುಂದ ಕೂಡಿಸಿದ್ಲು.’

ಮುಂದಿನ ಮಳೆಗಾಲಕ್ಕೆ ಆ ಟೈರು ಬೋಳಾದವು. ‘ನೋಡ್ರಿ, ಸವದುವು’ ಅಂದೆ, ಗೆದ್ದವಳ ಹಾಗೆ. ಡಾಕ್ಟರಮ್ಮ, ‘ಹಿಡದದ್ದಕ್ಕ ಸವದಾವ. ನಿನ್ನ ಚಪ್ಪಲಿ ಇನ್ನೂ ಹೊಸಾವ ಅದಾವ ನೋಡು’ ಅಂದಳು. ಅಂಥದೇ ಇನ್ನೊಂದು ಜೋಡಿ ಹಾಕಿಸಿ ದೇವದುರ್ಗಕ್ಕೆ ಹೊರಟಳು. ಈಗ ಆಕೆ ಇಲ್ಲ. ನಾನು ಬಹಳ ಜನರನ್ನು ಕಂಡಿದ್ದೇನೆ, ಮೆಚ್ಚಿದ್ದು ಕಡಿಮೆ. ಆಕೆಯನ್ನು ಮೆಚ್ಚಿದೆ. ಎದುರಿಗೆ ಹೇಳಲಿಲ್ಲ, ಹೇಳಿದ್ದರೆ ಬೈಸಿಕೊಳ್ಳುತ್ತಿದ್ದೆ.

‘ದೊಡ್ಡವ್ವ, ಬಾಳಕಿ ಬರೋದಾ ಹಾಕಸ್ಲಿ ಅಲ್ಲ?’ ಅಂತ ರೇಣುಕಾ ಕೇಳಿದಾಗ ಎಚ್ಚರವಾಯಿತು.

‘ಹಿಡಿಯೋದು ಹಾಕಸು. ಸವೀಲಿ’ ಅಂದೆ.

ಆಕೆ ನಕ್ಕಳು. ‘ನೀನಾ ಹೇಳಾಕತ್ತೀ ಏನು ಇದನ್ನ? ಹರಿದ ಕೌದಿ ಬಿಸಾಕಾಕ ಬಿಡಾಕಿ ಅಲ್ಲ ನೀನು.’

ಅಲ್ಲೇ ಕುರ್ಚಿಯಲ್ಲಿ ಕೂತು ಎಲ್ಲ ಹೇಳಿದೆ. ಅಂಗಡಿಯವನೂ ಕೆಲಸ ಬಿಟ್ಟು ಕೇಳಿದ. ರೇಣುಕಾ, ‘ಯಲ್ಲವ್ವ ದಾಟಿಸಿದ್ಲು ಅಂತಿದ್ಲಲ್ಲ ಅಜ್ಜಿ?’ ಅಂದಳು.

‘ಆ ಕಾರಿನಾಗ ಯಲ್ಲವ್ವಗ ಜಾಗಾನಾ ಇರ್ಲಿಲ್ಲ’ ಅಂದೆ.

ನಾಲ್ಕೂ ಗಾಲಿಗೆ ಹಿಡಿಯುವ ಟೈರೇ ಹಾಕಿಸಿದಳು.

ಇವತ್ತು ಬೆಳಿಗ್ಗೆ ಹನುಮವ್ವನನ್ನು ನೋಡಲು ಬಾಗಲವಾಡಕ್ಕೆ ಹೊರಟೆವು. ಸಣ್ಣಗೆ ಮಳೆ. ರೇಣುಕಾ ಎಂದಿನಂತೆ ನನಗಾಗಿ ಹಿಂದಿನ ಬಾಗಿಲು ತೆಗೆದು ನಿಂತಳು. ನಾನು ಅದನ್ನು ಮುಚ್ಚಿದೆ. ಮುಂದಿನ ಸೀಟಿನ ಮೇಲಿದ್ದ ಆಕೆಯ ಚೀಲ ಎತ್ತಿ ಹಿಂದೆ ಒಗೆದು, ಮುಂದೆ ಕೂತೆ.