ಮೂಕಪ್ಪನ ಹನ್ನೆರಡು ಮೀನುಮರಿ

ಹೊನ್ನಾಳಿಯಲ್ಲಿ ಅಕ್ವೇರಿಯಂ ಅಂಗಡಿ ಇಟ್ಟಿರುವ ರುದ್ರಾಣಿಯದು ಒಂದು ಹಟ. ಚೆನ್ನಾಗಿ ತಿನ್ನುವ ಮೀನಿಗೆ ಔಷಧಿ ಕೇಳಿದರೆ ಕೊಡುವುದಿಲ್ಲ.

ಸವಳಂಗದಲ್ಲಿ ಕುರಿ ಸಾಕುವ ಮೂಕಪ್ಪ ಮೊಮ್ಮಗಳಿಗೆಂದು ಅವಳ ಅಂಗಡಿಯಿಂದ ಹನ್ನೆರಡು ಗಪ್ಪಿ ಮೀನಿನ ಮರಿ ಒಯ್ದವನು ಎರಡೇ ದಿನಕ್ಕೆ ವಾಪಸ್ ಬಂದ.

"ಒಂದು ಮರಿ ಗಾಜಿಗೆ ಮೈ ಉಜ್ಜತೈತೆ ರೀ. ಹುಳ ಇರಬೇಕು, ಎಲ್ಲಕ್ಕೂ ಔಷಧಿ ಕೊಡ್ರಿ."

"ಉಳಿದವು?"

"ಚೆನ್ನಾಗೇ ಅದಾವೆ. ಆದ್ರೂ ಮಳೆಗಾಲಕ್ಕೆ ಮುಂಚೆ ಇಡೀ ಕುರಿಮಂದೆಗೆ ಜಂತಿನ ಔಷಧಿ ಕುಡಿಸ್ತೀವಲ್ಲ, ಹಂಗೆ."

ರುದ್ರಾಣಿಗೆ ರೇಗಿತು. "ನಿಮ್ಮ ಮಂದೇಲಿ ಯಾವ ಕುರಿ ಮಂಕಾಗೈತೆ ಅಂತ ದೂರದಿಂದ್ಲೇ ಹೇಳ್ತೀರಿ. ಇವನ್ನ ಒಂದು ಸಲನಾದ್ರೂ ಕೂತು ನೋಡೀರಾ? ಹೊಟ್ಟೆ ಒಳಗೆ ಹೋಗೈತಾ, ಹಿಕ್ಕೆ ಬೆಳ್ಳಗೆ ದಾರದಂಗೆ ಐತಾ, ನೋಡ್ರಿ. ವಾರ ಬಿಟ್ಟು ಬರ್ರಿ."

ವಾರ ಬಿಟ್ಟು ಬಂದ ಮೂಕಪ್ಪನಿಗೆ ಹನ್ನೆರಡರ ಗುರುತೂ ಸಿಕ್ಕಿತ್ತು. ಬಾಲ ಹರಿದದ್ದು ಎಲ್ಲಕ್ಕಿಂತ ಮೊದಲು ತಿನ್ನುತ್ತದೆ, ಚುಕ್ಕೆಯದು ಜಗಳಗಂಟಿ, ಮೈ ಉಜ್ಜುತ್ತಿದ್ದದ್ದು ಈಗ ಉಜ್ಜುವುದಿಲ್ಲ. ಔಷಧಿಯ ಮಾತನ್ನೇ ಅವನು ಎತ್ತಲಿಲ್ಲ.

ರುದ್ರಾಣಿಗೆ ಅವತ್ತು ಅದನ್ನೆಲ್ಲ ಕೇಳುವ ವ್ಯವಧಾನ ಇರಲಿಲ್ಲ. ಬೆಳಿಗ್ಗೆಯಷ್ಟೇ ಬಂದಿದ್ದ ಹೊಸ ಮರಿಗಳ ತೊಟ್ಟಿಯ ಮುಂದೆ, ಔಷಧಿ ಬಾಟಲಿಯ ಮುಚ್ಚಳ ತೆಗೆಯುತ್ತಾ ಹಾಕುತ್ತಾ ನಿಂತಿದ್ದಳು.

"ಚೆನ್ನಾಗೇ ಕಾಣ್ತಾವೆ," ಎಂದಳು. "ಆದ್ರೂ ಜೀವ ತಡೀತಿಲ್ಲ."

ಮೂಕಪ್ಪ ಬಾಟಲಿ ಇಸಿದುಕೊಂಡು ಅಂಗಿಯ ಜೇಬಿಗೆ ಹಾಕಿಕೊಂಡ. ಸ್ಟೂಲ್ ಎಳೆದು ತೊಟ್ಟಿಯ ಎದುರು ಕೂತ.

"ತಡೀರಿ, ಮೊದ್ಲು ಇವುಗಳ ಮುಖ ಪರಿಚಯ ಆಗ್ಲಿ."